ಹಳೆ ಕಂಪ್ಯೂಟರಿಗೆ ಆಂಟಿವೈರಸ್: ದುಡ್ಡು ಕೊಡುವ ಮುಂಚೆ

ಗುಬ್ಬಿ, ಕುಣಿಗಲ್ ತಾಲೂಕುಗಳ ಹಳ್ಳಿ ಮನೆಗಳಲ್ಲಿ ಹಳೆ ಕಂಪ್ಯೂಟರ್ ಈಗ ಅಪರೂಪದ ವಸ್ತುವಲ್ಲ. ಕೆಲವು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ತನಗೆ ಹೊಸದು ಕೊಂಡಾಗ ಊರಿಗೆ ಕಳಿಸಿದ್ದು. ಇನ್ನು ಕೆಲವು 2020-21ರಲ್ಲಿ ಶಾಲೆ ಮುಚ್ಚಿ ಆನ್‌ಲೈನ್ ಪಾಠ ಶುರುವಾದಾಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ತುಮಕೂರಿನ ರಿಪೇರಿ ಅಂಗಡಿಯಿಂದಲೋ ಸೆಕೆಂಡ್‌ಹ್ಯಾಂಡ್ ತಂದದ್ದು. ಪಾಠ ಮುಗಿಯಿತು, ಕಂಪ್ಯೂಟರ್ ಉಳಿಯಿತು. ಈಗ ಅದರಲ್ಲಿ ಪಹಣಿ ನೋಡ್ತೀವಿ, ಕೃಷಿ ಮಾರಾಟ ವಾಹಿನಿಯಲ್ಲಿ ಕೊಬ್ಬರಿ, ಅಡಿಕೆ ಧಾರಣೆ ನೋಡ್ತೀವಿ. ತೋಟದ ಕೂಲಿ ಲೆಕ್ಕ ಬರೆದಿಡುವವರುಂಟು. ಡೇರಿ ಸಂಘದ ಕಾರ್ಯದರ್ಶಿಯಾದರೆ ಸಂಘದ ಲೆಕ್ಕವೂ ಅದರಲ್ಲೇ. ಉಳಿದ ಹೊತ್ತು ಮಕ್ಕಳ ಪಾಲು.

ಇಂಥ ಕಂಪ್ಯೂಟರಿನ ಮೂಲೆಯಲ್ಲಿ ವರ್ಷಕ್ಕೊಮ್ಮೆ ಕೆಂಪು ಪೆಟ್ಟಿಗೆಯೊಂದು ಏಳುತ್ತದೆ. ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ, ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ತಕ್ಷಣ ನವೀಕರಿಸಿ. ಒಂದು ಕಂಪ್ಯೂಟರಿಗೆ ವರ್ಷಕ್ಕೆ ಕೆಲವು ನೂರರಿಂದ ಸಾವಿರ ರೂಪಾಯಿ ಆಸುಪಾಸು. ದೊಡ್ಡ ಮೊತ್ತವಲ್ಲ ಅನ್ನಿಸಬಹುದು. ಆದರೆ ನಮ್ಮಂಥವರ ಮನೆಯಲ್ಲಿ ಅದು ಹಿಂಡಿ-ಬೂಸಾದ ಬಾಬ್ತಿನಿಂದ ಕಿತ್ತು ಕೊಡುವ ದುಡ್ಡು. ಅಲ್ಲದೆ ಐದಾರು ವರ್ಷ ಕಟ್ಟಿದರೆ ಕೆಲವು ಹಳೆ ಕಂಪ್ಯೂಟರಿನ ಬೆಲೆಯೇ ಆಗಿಹೋಗುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ಈ ದುಡ್ಡು ಕೊಟ್ಟರೆ ನಿಜವಾಗಿ ಏನು ಉಳಿಯುತ್ತೆ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಹುಪಾಲು ಮನೆಗಳಲ್ಲಿ ದುಡ್ಡು ಕೊಟ್ಟು ಕೊಳ್ಳುವ ಅಗತ್ಯವಿಲ್ಲ. ಹಾಗಂತ ಆಂಟಿವೈರಸ್ಸೇ ಬೇಡ ಎಂದಲ್ಲ. ಬೇಕಾದ್ದು ಆಗಲೇ ಕಂಪ್ಯೂಟರಿನೊಳಗೆ ಕೂತಿರುತ್ತದೆ. ಯಾರ ಮನೆಯಲ್ಲಿ ಅದು ಸಾಲದೋ ಅಲ್ಲಿ ಅನೇಕ ಸಲ ಕೊಂಡು ತಂದದ್ದೂ ಸಾಲುವುದಿಲ್ಲ. ಯಾಕೆ ಅನ್ನುವುದಕ್ಕೆ ಸ್ವಲ್ಪ ವಿವರ ಬೇಕು.

ಲಾಹೋರಿನ ರೋಗ, ಪುಣೆಯ ಮದ್ದು

ಕಂಪ್ಯೂಟರ್ ವೈರಸ್ ಅನ್ನುವುದು ಧೂಳಲ್ಲ, ತೇವವಲ್ಲ, ಯಾರೋ ಬೇಕೆಂದೇ ಬರೆದ ಪ್ರೋಗ್ರಾಂ. ಐಬಿಎಂ ಮಾದರಿಯ ಪರ್ಸನಲ್ ಕಂಪ್ಯೂಟರುಗಳಲ್ಲಿ ಹರಡಿದ ಮೊದಲ ವೈರಸ್ 'ಬ್ರೈನ್'. ಅದನ್ನು 1986ರಲ್ಲಿ ಪಾಕಿಸ್ತಾನದ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದರು. ಅದು ಫ್ಲಾಪಿಯಿಂದ ಫ್ಲಾಪಿಗೆ ದಾಟುತ್ತಿತ್ತು. ತಮಾಷೆಯೆಂದರೆ ನಮ್ಮ ದೇಶದಲ್ಲಿ ಇದಕ್ಕೆ ಮದ್ದು ಮಾಡಿದವರಲ್ಲೂ ಒಂದು ಅಣ್ಣತಮ್ಮಂದಿರ ಜೋಡಿ ಇದೆ. ಪುಣೆಯ ಕೈಲಾಶ್ ಕಾಟ್ಕರ್ ಕ್ಯಾಲ್ಕ್ಯುಲೇಟರ್ ರಿಪೇರಿಯಿಂದ ಶುರುಮಾಡಿದವರು. ತಮ್ಮ ಸಂಜಯ್ 1990ರ ದಶಕದಲ್ಲಿ ಬರೆದ ಆಂಟಿವೈರಸ್ಸೇ ಮುಂದೆ ಕ್ವಿಕ್ ಹೀಲ್ ಆಯಿತು. ಚೆನ್ನೈಯ ಕೆ7 ಇನ್ನೂ ಸ್ವಲ್ಪ ಹಳೆಯದು, 1991ರದ್ದು.

ಆಗಿನ ವೈರಸ್ಸುಗಳು ಬಹುತೇಕ ಕೀಟಲೆಯವು. ಪರದೆ ಕೆಡಿಸುವುದು, ಫೈಲ್ ಅಳಿಸುವುದು ಇಷ್ಟೇ. ಈಗ ಹಾಗಲ್ಲ, ದುಡ್ಡಿಗಾಗಿಯೇ ಬರೆಯುತ್ತಾರೆ. ಒಂದು ಜಾತಿ ಬ್ಯಾಂಕಿನ ಪಾಸ್‌ವರ್ಡ್ ಕದಿಯುತ್ತದೆ. ಇನ್ನೊಂದು ಜಾತಿ ನಿಮ್ಮ ಫೋಟೋ, ಲೆಕ್ಕದ ಫೈಲುಗಳನ್ನೆಲ್ಲ ಬೀಗ ಹಾಕಿದಂತೆ ಮಾಡಿ, ದುಡ್ಡು ಕೊಟ್ಟರೆ ಬೀಗದ ಕೈ ಕೊಡುತ್ತೇನೆ ಅನ್ನುತ್ತದೆ. ಇದಕ್ಕೆ ರಾನ್ಸಮ್‌ವೇರ್ ಅಂತ ಹೆಸರು, ಅಂದರೆ ಒತ್ತೆಹಣ ಕೇಳುವ ವೈರಸ್.

ಆಂಟಿವೈರಸ್ ಕೆಲಸ ಮಾಡುವ ಬಗೆ ಎರಡು. ಗೊತ್ತಿರುವ ವೈರಸ್ಸುಗಳ ಗುರುತುಗಳ ಪಟ್ಟಿ ಅದರ ಬಳಿ ಇರುತ್ತದೆ, ಹೊಸ ಫೈಲ್ ಬಂದಾಗ ತಾಳೆ ನೋಡುತ್ತದೆ. ಪಟ್ಟಿಯಲ್ಲಿ ಇಲ್ಲದ್ದಾದರೆ ನಡವಳಿಕೆ ನೋಡಿ ಅನುಮಾನಿಸುತ್ತದೆ. ಪಟ್ಟಿ ದಿನಾ ಹೊಸದಾಗುತ್ತಿರಬೇಕು. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಹಾಕಿಸಿದ ಹಾಗೆ, ಮೂರು ವರ್ಷದ ಹಿಂದೆ ಒಂದು ಸಲ ಹಾಕಿಸಿದ್ದೆ ಅಂದರೆ ಆಗುವುದಿಲ್ಲ.

ಮೊದಲು ಬೇಲಿ ನೋಡಿ

ಆಂಟಿವೈರಸ್ ವಿಚಾರ ಮಾತಾಡುವ ಮುಂಚೆ ನೋಡಬೇಕಾದ್ದು ವಿಂಡೋಸ್ ಯಾವುದು ಅನ್ನುವುದನ್ನು. ಕೀಲಿಮಣೆಯಲ್ಲಿ ಕಿಟಕಿ ಚಿತ್ರದ ಗುಂಡಿ ಒತ್ತಿ ಹಿಡಿದು ಆರ್ ಅಕ್ಷರ ಒತ್ತಿ. ಸಣ್ಣ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಡಬ್ಲ್ಯು, ಐ, ಎನ್, ವಿ, ಇ, ಆರ್ ಎಂಬ ಆರು ಇಂಗ್ಲಿಷ್ ಅಕ್ಷರ ಹೊಡೆದು ಎಂಟರ್ ಒತ್ತಿದರೆ ವಿಂಡೋಸ್ 7, 10 ಅಥವಾ 11 ಎಂದು ತೋರಿಸುತ್ತದೆ.

ಇದು ಯಾಕೆ ಮುಖ್ಯ ಅಂದರೆ ವಿಂಡೋಸ್ ಒಂದು ಬೇಲಿ ಇದ್ದ ಹಾಗೆ. ಬೇಲಿಯಲ್ಲಿ ಆಗಾಗ ಕಂಡಿ ಬೀಳುತ್ತದೆ. ಮೈಕ್ರೋಸಾಫ್ಟ್ ಕಂಪನಿ ತಿಂಗಳಿಗೊಮ್ಮೆ ಅಪ್‌ಡೇಟ್ ಕಳಿಸಿ ಕಂಡಿ ಮುಚ್ಚುತ್ತಿರುತ್ತದೆ. ಆಂಟಿವೈರಸ್ ಒಳಗೆ ಕಟ್ಟಿದ ನಾಯಿ. ಕಂಡಿ ಮುಚ್ಚುವವರೇ ಬರುವುದನ್ನು ನಿಲ್ಲಿಸಿದ ಮೇಲೆ ಎಷ್ಟೇ ಬೆಲೆಯ ನಾಯಿ ತಂದು ಕಟ್ಟಿದರೂ ರಾತ್ರಿಯೆಲ್ಲ ಅದು ಒಂದೇ ಕಡೆ ಕಾಯುವುದಕ್ಕಾಗುವುದಿಲ್ಲ.

ಕಂಡಿ ಮುಚ್ಚುವುದು ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ ನಿಂತಿತು. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 10 ಇಟ್ಟುಕೊಂಡ ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರ ತನಕ ಹೆಚ್ಚುವರಿ ಅವಧಿಯೊಂದನ್ನು ಕಂಪನಿ ಕೊಟ್ಟಿತು. ಅದು ತಾನಾಗಿ ಸಿಗುವುದಲ್ಲ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಹೆಸರು ನೋಂದಾಯಿಸಬೇಕು. ಮೈಕ್ರೋಸಾಫ್ಟ್ ಅಕೌಂಟಿನಿಂದ ಒಳಗೆ ಹೋಗಿ ಸೆಟ್ಟಿಂಗ್ಸ್ ಬ್ಯಾಕಪ್‌ಗೆ ಒಪ್ಪಿದರೆ ದುಡ್ಡಿಲ್ಲ.

ಬೇಲಿ ಕಂಡಿ ಎಷ್ಟು ಕೆಲಸ ಕೆಡಿಸುತ್ತದೆ ಅನ್ನುವುದಕ್ಕೆ 2017ರ ಮೇ ತಿಂಗಳ ವಾನಕ್ರೈ ಸಾಕು. ಆ ವೈರಸ್ ಬಳಸಿದ ಕಂಡಿಯನ್ನು ಮೈಕ್ರೋಸಾಫ್ಟ್ ಅದೇ ಮಾರ್ಚಿಯಲ್ಲೇ ಮುಚ್ಚಿತ್ತು. ಅಪ್‌ಡೇಟ್ ಹಾಕಿಕೊಳ್ಳದ ಕಂಪ್ಯೂಟರುಗಳು ಸಿಕ್ಕಿಬಿದ್ದವು, ಅದರಲ್ಲಿ ಹೆಚ್ಚಿನವು ವಿಂಡೋಸ್ 7. ಇಂಗ್ಲೆಂಡಿನ ಆಸ್ಪತ್ರೆಗಳ ಸುದ್ದಿ ದೊಡ್ಡದಾಗಿ ಬಂತು. ನಮ್ಮ ಪಕ್ಕದ ಕೇರಳದ ವಯನಾಡು, ಪತ್ತನಂತಿಟ್ಟ ಜಿಲ್ಲೆಗಳ ಗ್ರಾಮ ಪಂಚಾಯಿತಿ ಕಚೇರಿಗಳ ಕಂಪ್ಯೂಟರುಗಳಿಗೂ ಅದು ಹೊಕ್ಕಿತ್ತು. ಪಂಚಾಯಿತಿ ಕಂಪ್ಯೂಟರಿನಲ್ಲಿ ಏನಿದೆ ಅಂತ ಯಾರಾದರೂ ಹುಡುಕಿ ಬರ್ತಾರಾ ಅನ್ನುವ ಹಾಗಿಲ್ಲ. ಇಂಥ ವೈರಸ್ ಮನೆ ನೋಡಿ ಬರುವುದಿಲ್ಲ, ಕಂಡಿ ಇದ್ದಲ್ಲಿ ನುಗ್ಗುತ್ತದೆ.

ಒಳಗೇ ಇರುವ ನಾಯಿ

ವಿಂಡೋಸ್ 8 ಬಂದ 2012ರಿಂದ ಈಚೆಗೆ ವಿಂಡೋಸ್ ಜೊತೆಗೇ ಡಿಫೆಂಡರ್ ಎಂಬ ಆಂಟಿವೈರಸ್ ಬರುತ್ತದೆ. ಪ್ರತ್ಯೇಕ ದುಡ್ಡಿಲ್ಲ, ಅವಧಿ ಮುಗಿಯುವುದಿಲ್ಲ. ಮೊದಮೊದಲು ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ, ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಿತ್ತು. "ಅದು ಕಂಪನಿಯವರು ಹೆಸರಿಗೆ ಕೊಟ್ಟಿರೋದು ಕಣಣ್ಣ" ಅನ್ನುವ ಮಾತು ಆ ಕಾಲದ್ದು, ಅಂಗಡಿಗಳಲ್ಲಿ ಈಗಲೂ ಕೇಳುತ್ತದೆ. ಆದರೆ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ಎಲ್ಲ ಆಂಟಿವೈರಸ್ಸುಗಳನ್ನೂ ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡುತ್ತದೆ. ಈಚಿನ ವರ್ಷಗಳಲ್ಲಿ ಡಿಫೆಂಡರ್ ಅಲ್ಲಿ ದುಡ್ಡಿನವುಗಳ ಸಾಲಿನಲ್ಲೇ ಅಂಕ ಪಡೆದಿದೆ. ವಿಂಡೋಸ್ 10ರ ಡಿಫೆಂಡರ್‌ಗೆ ವೈರಸ್ ಗುರುತಿನ ಪಟ್ಟಿಯನ್ನು 2028ರ ಅಕ್ಟೋಬರ್ ತನಕ ಕಳಿಸುತ್ತೇವೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಇಲ್ಲಿ ಒಂದು ಸೂಕ್ಷ್ಮ ಉಂಟು. ಪಟ್ಟಿ ಬರುತ್ತದೆ ಅಂದರೆ ನಾಯಿಗೆ ಊಟ ಸಿಗುತ್ತದೆ ಅಷ್ಟೇ. ಬೇಲಿ ರಿಪೇರಿ ಬೇರೆ ವಿಚಾರ, ಅದರ ತಾರೀಖು ಮೇಲೆ ಹೇಳಿದೆ.

ಡಿಫೆಂಡರ್‌ನ ಕೊರತೆಯನ್ನೂ ಹೇಳಬೇಕು. ಅದು ಅನುಮಾನದ ಫೈಲ್ ಕಂಡರೆ ಇಂಟರ್ನೆಟ್ ಮೂಲಕ ಕಂಪನಿಯ ದೊಡ್ಡ ಕಂಪ್ಯೂಟರುಗಳನ್ನು ಕೇಳುತ್ತದೆ. ನೆಟ್ ಇಲ್ಲದಿದ್ದಾಗ ಅದರ ಕಣ್ಣು ಮಂದ. ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಎಂಬ ಸಂಸ್ಥೆಯ ಪರೀಕ್ಷೆಗಳಲ್ಲೂ ನೆಟ್ ಕಡಿದಾಗ ಅದು ಕೆಲವು ದುಡ್ಡಿನ ಆಂಟಿವೈರಸ್ಸುಗಳಿಗಿಂತ ಕಡಿಮೆ ಹಿಡಿದದ್ದು ಕಂಡಿದೆ. ನಮ್ಮ ಕಡೆ ಅನೇಕರು ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟು ಅರ್ಧ ಗಂಟೆ ನೆಟ್ ನೋಡಿ ತೆಗೆಯುವವರು. ಡೇಟಾ ಉಳಿಸಲು ಆ ಸಂಪರ್ಕವನ್ನು 'ಮೀಟರ್ಡ್' ಎಂದು ಗುರುತಿಸಿದ್ದರೆ ಅಪ್‌ಡೇಟ್ ತಾನಾಗಿ ಇಳಿಯದೇ ನಿಂತಿರಬಹುದು. ಆದ್ದರಿಂದ ವಾರಕ್ಕೊಮ್ಮೆ 'ವಿಂಡೋಸ್ ಸೆಕ್ಯುರಿಟಿ' ತೆರೆದು, 'ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್' ಒಳಗೆ 'ಚೆಕ್ ಫಾರ್ ಅಪ್‌ಡೇಟ್ಸ್' ಒತ್ತಿ. ಸಂತೆಯ ದಿನ ಅಂತ ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ.

ಹಳೆ ಕಂಪ್ಯೂಟರಿನಲ್ಲಿ ಆಂಟಿವೈರಸ್ ಯಾವುದೇ ಆದರೂ ನಿಧಾನ ಮಾಡುತ್ತದೆ. ಇದು ಡಿಫೆಂಡರ್‌ಗೂ ಹೊರತಲ್ಲ. ತಿರುಗುವ ಹಾರ್ಡ್‌ಡಿಸ್ಕ್, 4 ಜಿಬಿ ಮೆಮೊರಿ ಇರುವ ಯಂತ್ರ ಶುರುವಾಗಿ ಹತ್ತು ನಿಮಿಷ ಗೊರಗುಟ್ಟುವುದಕ್ಕೆ ಇದೂ ಒಂದು ಕಾರಣ. ಇದರ ಮೇಲೆ ಇನ್ನೊಂದು ಆಂಟಿವೈರಸ್ ಹಾಕಿದರೆ ಡಬಲ್ ಕಾವಲು ಆಗುತ್ತೆ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಬೇರೆ ಆಂಟಿವೈರಸ್ ಬಂದರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಕೊಂಡದ್ದು ಎರಡಾದರೆ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುತ್ತದೆ, ಯಂತ್ರ ಕುಂಟುತ್ತದೆ.

ತೀರಾ ಕೆಟ್ಟ ಸ್ಥಿತಿ ಯಾವುದೆಂದರೆ ಅವಧಿ ಮುಗಿದ ಆಂಟಿವೈರಸ್ ತೆಗೆಯದೆ ಹಾಗೇ ಬಿಟ್ಟಿರುವುದು. ಹೊಸ ಪಟ್ಟಿ ಇಲ್ಲ, ಆದರೂ ಜಾಗ ಹಿಡಿದು ಕೂತಿರುತ್ತದೆ. ನವೀಕರಿಸುವುದಿಲ್ಲ ಎಂದು ತೀರ್ಮಾನಿಸಿದರೆ ಅದನ್ನು ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರ್ ಒಂದು ಸಲ ಆರಿಸಿ ಹಚ್ಚಿ, ಡಿಫೆಂಡರ್ ಎದ್ದಿದೆಯೇ ಎಂದು ವಿಂಡೋಸ್ ಸೆಕ್ಯುರಿಟಿಯಲ್ಲಿ ಹಸಿರು ಗುರುತು ನೋಡಿ ಖಾತ್ರಿ ಮಾಡಿಕೊಳ್ಳಿ.

ನಮ್ಮ ಕಡೆ ರೋಗ ಬರುವ ದಾರಿ

ಪುಸ್ತಕದಲ್ಲಿ ಹತ್ತು ದಾರಿ ಬರೆದಿರುತ್ತಾರೆ. ನನ್ನ ಅನುಭವದಲ್ಲಿ ಹಳ್ಳಿ ಮನೆಯ ಕಂಪ್ಯೂಟರಿಗೆ ಮೊದಲ ದಾರಿ ಪೆನ್‌ಡ್ರೈವ್. ಮನೆಯಲ್ಲಿ ಪ್ರಿಂಟರ್ ಇರುವುದಿಲ್ಲ. ಅರ್ಜಿಯೋ ಪಹಣಿಯೋ ಮಗಳ ಪ್ರಾಜೆಕ್ಟೋ ಪ್ರಿಂಟ್ ಬೇಕಾದರೆ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗುತ್ತೇವೆ. ಆ ಕಂಪ್ಯೂಟರಿಗೆ ದಿನಕ್ಕೆ ಎಷ್ಟು ಜನರ ಪೆನ್‌ಡ್ರೈವ್ ಚುಚ್ಚುತ್ತಾರೋ ಲೆಕ್ಕವಿಲ್ಲ. ಅಂಗಡಿಯವನ ತಪ್ಪು ಅಂತ ಅಲ್ಲ, ಜಾತ್ರೆಯಲ್ಲಿ ದನ ಸೇರಿದ ಹಾಗೆ ಅದು.

ಕುಣಿಗಲ್ ಕಡೆಯ ನೆಂಟರೊಬ್ಬರ ಪೆನ್‌ಡ್ರೈವ್ ಹೀಗೆ ಹೋಗಿ ಬಂದ ಮೇಲೆ ಫೋಲ್ಡರುಗಳೆಲ್ಲ ಮಾಯವಾಗಿ ಅವುಗಳ ಜಾಗದಲ್ಲಿ ಸಣ್ಣ ಬಾಣದ ಗುರುತಿನ ಶಾರ್ಟ್‌ಕಟ್‌ಗಳು ಕೂತಿದ್ದವು. ಒತ್ತಿದರೆ ಫೋಲ್ಡರ್ ತೆರೆದ ಹಾಗೆ ಕಾಣುತ್ತದೆ, ಹಿಂದಿನಿಂದ ವೈರಸ್ ಮನೆಯ ಕಂಪ್ಯೂಟರಿಗೆ ಇಳಿಯುತ್ತದೆ. ಅವರು ಎಲ್ಲ ಅಳಿಸಿಹೋಯಿತು ಎಂದು ಫಾರ್ಮ್ಯಾಟ್ ಮಾಡಿಸಲು ಹೊರಟಿದ್ದರು. ಈ ಜಾತಿಯ ವೈರಸ್ ಫೈಲ್ ಅಳಿಸುವುದಿಲ್ಲ, ಅಡಗಿಸುತ್ತದೆ. ಮೊದಲು ಡಿಫೆಂಡರ್‌ನಿಂದ ಪೆನ್‌ಡ್ರೈವ್ ಸ್ಕ್ಯಾನ್ ಮಾಡಿಸಿ ವೈರಸ್ ತೆಗೆಸಬೇಕು. ಆಮೇಲೆ ಫೋಲ್ಡರ್ ಆಪ್ಷನ್ಸ್‌ನ 'ವ್ಯೂ' ಪುಟದಲ್ಲಿ ಹಿಡನ್ ಫೈಲ್ ತೋರಿಸು ಎಂದು ಆರಿಸಿ, 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್' ಎಂಬುದರ ಮುಂದಿನ ಗುರುತು ತೆಗೆದರೆ ಫೋಲ್ಡರುಗಳು ಮಸುಕಾಗಿ ಕಾಣುತ್ತವೆ. ಒಳಗಿನದ್ದನ್ನು ಬೇರೆ ಕಡೆ ನಕಲು ಮಾಡಿಕೊಂಡು, ನಂತರ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಕೆಲಸ ಆದ ಮೇಲೆ ತೆಗೆದ ಗುರುತನ್ನು ಮತ್ತೆ ಹಾಕಿಡಿ. ಅವರ ಹದಿನಾಲ್ಕು ವರ್ಷದ ತೆಂಗಿನ ಇಳುವರಿ ಲೆಕ್ಕ ಹೀಗೆ ಸಿಕ್ಕಿತು.

ಸಂತೆಯಿಂದ ತಂದ ಹಸುವನ್ನು ನೇರ ಕೊಟ್ಟಿಗೆಗೆ ಕಟ್ಟುತ್ತೇವೆಯೇ? ಬೇರೆ ಕಟ್ಟಿ ಒಂದಷ್ಟು ದಿನ ನೋಡುತ್ತೇವೆ. ಪೆನ್‌ಡ್ರೈವಿಗೂ ಹಾಗೇ. ಪೇಟೆಗೆ ಹೋಗುವುದಕ್ಕೇ ಒಂದು ಸಣ್ಣ ಪೆನ್‌ಡ್ರೈವ್ ಇಟ್ಟುಕೊಳ್ಳಿ. ಅದರಲ್ಲಿ ಅವತ್ತು ಪ್ರಿಂಟ್ ಆಗಬೇಕಾದ ಫೈಲ್ ಬಿಟ್ಟರೆ ಬೇರೇನೂ ಬೇಡ. ಮನೆಗೆ ಬಂದ ಮೇಲೆ ತೆರೆಯದೆ, ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್' ಮಾಡಿ, ಫಾರ್ಮ್ಯಾಟ್ ಮಾಡಿಬಿಡಿ.

ಎರಡನೇ ದಾರಿ ಕದ್ದ ಸಾಫ್ಟ್‌ವೇರ್. ಸೆಕೆಂಡ್‌ಹ್ಯಾಂಡ್ ಯಂತ್ರಗಳಲ್ಲಿ ಕೆಲವಕ್ಕೆ ಲೈಸೆನ್ಸ್ ಇಲ್ಲದ ವಿಂಡೋಸ್, ಆಫೀಸ್ ಹಾಕಿ ಕೊಡುತ್ತಾರೆ. ಅದನ್ನು ಅಸಲಿಯಂತೆ ತೋರಿಸಲು 'ಆಕ್ಟಿವೇಟರ್', 'ಕ್ರ್ಯಾಕ್' ಎಂಬ ಪ್ರೋಗ್ರಾಂ ಓಡಿಸುತ್ತಾರೆ. ಅದನ್ನು ಓಡಿಸಲು ಮೊದಲು ಆಂಟಿವೈರಸ್ ಆರಿಸಬೇಕಾಗುತ್ತದೆ. ನಾಯಿಯ ಬಾಯಿ ಕಟ್ಟಿ ಗೇಟು ತೆರೆದ ಹಾಗೆ. ಅದರ ಜೊತೆ ಏನು ಒಳಗೆ ಬಂತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಇಂಥ ಯಂತ್ರಕ್ಕೆ ಮೇಲಿನಿಂದ ಸಾವಿರ ರೂಪಾಯಿಯ ಆಂಟಿವೈರಸ್ ಹಾಕಿಸುವುದು ಸುಮ್ಮನೆ. ಕೊಳ್ಳುವಾಗಲೇ ಲೈಸೆನ್ಸ್ ಇದೆಯೇ ಎಂದು ಕೇಳಿ. ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಯಂತ್ರಗಳಲ್ಲಿ ಅನೇಕ ಸಲ ಅಸಲಿ ಲೈಸೆನ್ಸ್ ಒಳಗೇ ಇರುತ್ತದೆ. ಆಫೀಸ್ ಬದಲು ಲಿಬ್ರೆ ಆಫೀಸ್ ಬಳಸಿ, ಅದು ಉಚಿತ. ಕೂಲಿ ಲೆಕ್ಕಕ್ಕೆ ಧಾರಾಳ ಸಾಕು.

ಮೂರನೆಯದು ಆಂಟಿವೈರಸ್ ತಡೆಯಲಾರದ್ದು, ಮನುಷ್ಯರ ಮಾತು. ಯಾವುದೋ ಸಿನಿಮಾ ಇಳಿಸುವ ತಾಣದಲ್ಲಿ 'ಅಲೋ' ಎಂದು ಒತ್ತಿದ್ದರಿಂದ ಮೂಲೆಯಲ್ಲಿ ದಿನಕ್ಕೆ ಹತ್ತು ಸಲ "ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ" ಎಂದು ಏಳುತ್ತಿರುತ್ತದೆ. ಅದು ಆಂಟಿವೈರಸ್ ಅಲ್ಲ, ಬ್ರೌಸರಿನ ಜಾಹೀರಾತು. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ 'ನೋಟಿಫಿಕೇಶನ್ಸ್' ಎಂಬಲ್ಲಿ ಹೋಗಿ ಗೊತ್ತಿಲ್ಲದ ತಾಣಗಳನ್ನೆಲ್ಲ ತೆಗೆದರೆ ಆ ಐದು ವೈರಸ್ ತಾನಾಗಿ ವಾಸಿ. ಎಷ್ಟೋ ಜನ ಆಂಟಿವೈರಸ್ ಕೊಳ್ಳುವುದು ಈ ಜಾಹೀರಾತಿಗೆ ಹೆದರಿಯೇ ಎಂದು ನನ್ನ ಗುಮಾನಿ. ಇನ್ನು ಕೆಲವು ಪೆಟ್ಟಿಗೆಗಳು ಒಂದು ಫೋನ್ ನಂಬರ್ ಕೊಟ್ಟು ಕರೆ ಮಾಡಿ ಅನ್ನುತ್ತವೆ. ಮಾಡಿದರೆ, ನಿಮ್ಮ ಕಂಪ್ಯೂಟರನ್ನು ದೂರದಿಂದ ನೋಡುವ ಪ್ರೋಗ್ರಾಂ ಹಾಕಿಸಿ ಬ್ಯಾಂಕ್ ಖಾತೆ ತೆರೆಸುತ್ತಾರೆ. ಮೈಕ್ರೋಸಾಫ್ಟ್ ಹೀಗೆ ಪರದೆಯ ಮೇಲೆ ನಂಬರ್ ಕೊಟ್ಟು ಯಾರನ್ನೂ ಕರೆ ಮಾಡಿಸುವುದಿಲ್ಲ.

ಇದೇ ವಂಚನೆಯ ಫೋನಿನ ರೂಪ ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲ್. ಪಿಎಂ ಕಿಸಾನ್ ಕಂತು ನಿಂತಿದೆ, ಈ ಆ್ಯಪ್ ಹಾಕಿ ಸರಿಮಾಡಿಕೊಳ್ಳಿ ಅಂತ ಇರುತ್ತದೆ. ಹಾಕಿದರೆ ಫೋನಿಗೆ ಬರುವ ಓಟಿಪಿ ಅವರ ಕೈಗೆ. ಮನೆಯ ಕಂಪ್ಯೂಟರಿನಲ್ಲಿ ಎಷ್ಟು ದುಬಾರಿ ಆಂಟಿವೈರಸ್ ಇದ್ದರೂ ಇಲ್ಲಿ ಕೆಲಸಕ್ಕೆ ಬಾರದು. ದುಡ್ಡು ಹೋದದ್ದು ಗೊತ್ತಾದ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ. ತಡಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿ ಹೋಗುತ್ತದೆ.

ಏನು ಹೋದರೆ ಮತ್ತೆ ಸಿಗೊಲ್ಲ?

ಕಾಗದ ತಗೊಂಡು ಕಂಪ್ಯೂಟರಿನಲ್ಲಿ ಏನೇನಿದೆ ಎಂದು ಬರೆಯಿರಿ. ಪಹಣಿ ಹೋದರೆ ಭೂಮಿಯಲ್ಲಿ ಇನ್ನೊಂದು ಸಿಗುತ್ತೆ. ಆಧಾರ್ ಪ್ರತಿ ಸಿಗುತ್ತೆ. ಮದುವೆ ಫೋಟೋ, ತೀರಿಹೋದ ತಂದೆಯ ದನಿ ಇರುವ ವಿಡಿಯೋ, ಬೋರ್‌ವೆಲ್ ಎಷ್ಟು ಅಡಿಗೆ ಎಷ್ಟು ನೀರು ಕೊಟ್ಟಿತು ಎಂಬ ಲೆಕ್ಕ, ಸಂಘದ ಹಳೆ ಪುಸ್ತಕ, ಇವು ಸಿಗುವುದಿಲ್ಲ. ಕಾಯಬೇಕಾದ್ದು ಇದನ್ನು.

ಇದಕ್ಕೆ ಮದ್ದು ಆಂಟಿವೈರಸ್ ಅಲ್ಲ, ನಕಲು. ಒಂದು ಹೊರಗಿನ ಹಾರ್ಡ್‌ಡಿಸ್ಕ್ ಅಥವಾ ಒಳ್ಳೆ ಕಂಪನಿಯ ದೊಡ್ಡ ಪೆನ್‌ಡ್ರೈವ್ ತಂದು ತಿಂಗಳಿಗೊಮ್ಮೆ ನಕಲು ಮಾಡಿ, ಬಿಚ್ಚಿ ಬೀರುವಿನಲ್ಲಿಡಿ. ಬಿಚ್ಚಿಡುವುದು ಮುಖ್ಯ. ಸದಾ ಚುಚ್ಚಿಯೇ ಇಟ್ಟರೆ ಒತ್ತೆಹಣದ ವೈರಸ್ ಬಂದಾಗ ನಕಲಿಗೂ ಬೀಗ ಬೀಳುತ್ತದೆ. ಬಿತ್ತನೆ ರಾಗಿಯನ್ನು ಊಟದ ರಾಗಿಯ ಜೊತೆ ಒಂದೇ ಕಣಜದಲ್ಲಿ ಯಾರೂ ಇಡುವುದಿಲ್ಲವಷ್ಟೆ.

ಹಾಗೆ ನೋಡಿದರೆ ನಮ್ಮ ಕಡೆ ಹಾರ್ಡ್‌ಡಿಸ್ಕುಗಳನ್ನು ಹೆಚ್ಚು ಕೊಂದಿರುವುದು ವೈರಸ್ ಅಲ್ಲ, ಕರೆಂಟು. ಓಡುತ್ತಿರುವಾಗ ಫಕ್ಕನೆ ಹೋಗುತ್ತದೆ, ಬರುವಾಗ ವೋಲ್ಟೇಜ್ ಏರಿ ಬರುತ್ತದೆ. ಸತ್ತ ಡಿಸ್ಕಿಗೆ ನವೀಕರಿಸಿದ ಆಂಟಿವೈರಸ್ ಇದ್ದರೇನು, ಇಲ್ಲದಿದ್ದರೇನು? ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಆಂಟಿವೈರಸ್ ದುಡ್ಡನ್ನು ಅದಕ್ಕೆ ಹಾಕಿ. ಅದಾಗಲೇ ಸರಿ ಇದ್ದರೆ ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಬೆಲೆ ಏರಿಳಿಯುತ್ತಿರುತ್ತದೆ, ತುಮಕೂರಿನಲ್ಲಿ ಎರಡು ಮೂರು ಕಡೆ ಕೇಳಿ. ಎರಡು ಮೂರು ವರ್ಷದ ಆಂಟಿವೈರಸ್ ಚಂದಾದಷ್ಟು ಆದೀತು. ಯಂತ್ರ ಎಷ್ಟು ಚುರುಕಾಗುತ್ತದೆಂದರೆ ಡಿಫೆಂಡರ್ ಭಾರವೇ ಗೊತ್ತಾಗುವುದಿಲ್ಲ. ಹಳೆ ಯಂತ್ರಕ್ಕೆ ಇದಕ್ಕಿಂತ ಒಳ್ಳೆ ಗೊಬ್ಬರ ಇಲ್ಲ.

ವಿಂಡೋಸ್ 7 ಇದ್ದವರು ಏನು ಮಾಡಬೇಕು

ಇವರೇ ಅಂಗಡಿಗೆ ಹೋಗಿ ಆಂಟಿವೈರಸ್ ಕೇಳುವವರು, ಇವರಿಗೇ ಅದರಿಂದ ಉಪಯೋಗ ಕಡಿಮೆ. ಬೇಲಿ ರಿಪೇರಿ ನಿಂತು ವರ್ಷಗಳಾದವು. ಕ್ರೋಮ್ ಕೂಡ 2023ರ ಆರಂಭದಿಂದ ವಿಂಡೋಸ್ 7ಕ್ಕೆ ಹೊಸದು ಕೊಡುವುದು ನಿಲ್ಲಿಸಿದೆ. ಅಂದರೆ ನೆಟ್ ನೋಡುವ ಬಾಗಿಲೂ ಹಳೆಯದು. ಇಂಥ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಬೇಡವೇ ಬೇಡ, ಆಂಟಿವೈರಸ್ ಇದ್ದರೂ ಬೇಡ.

ನೆಟ್ ಸಂಪರ್ಕ ಪೂರ್ತಿ ತೆಗೆದು ಬರವಣಿಗೆಗೆ, ಲೆಕ್ಕಕ್ಕೆ ಮಾತ್ರ ಇಟ್ಟುಕೊಳ್ಳಬಹುದು. ನುಡಿಯಲ್ಲಿ ಹಳೆ ಕಡತಗಳಿದ್ದವರಿಗೆ ಇದು ಸುಲಭ. ಪೆನ್‌ಡ್ರೈವಿನ ಶಿಸ್ತು ಮಾತ್ರ ಬಿಡಬಾರದು.

ಯಂತ್ರ ತಕ್ಕಮಟ್ಟಿಗೆ ಗಟ್ಟಿ ಇದ್ದರೆ ವಿಂಡೋಸ್ 10ಕ್ಕೆ ಏರಿಸುವವರುಂಟು, ಆದರೆ ಅದರ ಬೇಲಿಯ ತಾರೀಖೂ ಮೇಲೆ ಇದೆ. ವಿಂಡೋಸ್ 11 ಸುಮಾರು 2018ಕ್ಕಿಂತ ಹಿಂದಿನ ಯಂತ್ರಗಳನ್ನು ಕಂಪನಿಯ ಲೆಕ್ಕದಲ್ಲಿ ಒಪ್ಪುವುದಿಲ್ಲ. ಟಿಪಿಎಂ 2.0 ಎಂಬ ಚಿಪ್ ಕೇಳುತ್ತದೆ.

ಉಳಿದದ್ದು ಲಿನಕ್ಸ್. ಹೆಸರು ಕೇಳಿ ಹೆದರಬೇಡಿ. ಲಿನಕ್ಸ್ ಮಿಂಟ್ ಎಂಬುದರ ಎಕ್ಸ್‌ಎಫ್‌ಸಿಇ ರೂಪ ಹಗುರ, 4 ಜಿಬಿ ಮೆಮೊರಿ ಇದ್ದರೆ ಸಲೀಸು, 2 ಜಿಬಿಯಲ್ಲಿ ಕುಂಟುತ್ತಾದರೂ ನಡೆಯುತ್ತದೆ. ಉಚಿತ, ಬೇಲಿ ರಿಪೇರಿ ವರ್ಷಗಟ್ಟಲೆ ಬರುತ್ತದೆ. ವಿಂಡೋಸಿಗೆ ಬರೆದ ವೈರಸ್ ಅಲ್ಲಿ ಓಡುವುದಿಲ್ಲ, ಹಾಗಾಗಿ ಮನೆಬಳಕೆಗೆ ಆಂಟಿವೈರಸ್ ಬೇಕಾಗುವುದಿಲ್ಲ. ಕನ್ನಡ ಬರೆಯಲು ಐಬಸ್ ಎಂಬ ಸೌಲಭ್ಯದಲ್ಲಿ ನಮ್ಮ ಕೆಜಿಪಿ ಕೀಲಿಮಣೆಯನ್ನೇ ಹಾಕಿಕೊಳ್ಳಬಹುದು. ನುಡಿ ಕಲಿತ ಕೈಗೆ ಬೇರೆ ಅನ್ನಿಸುವುದಿಲ್ಲ. ತೊಡಕು ಎಲ್ಲಿ ಅಂದರೆ ಟ್ಯಾಲಿಯಂಥ ಪ್ರೋಗ್ರಾಂಗಳು ನೇರ ಓಡುವುದಿಲ್ಲ. ಹಳೆಯ ನುಡಿ ಫಾಂಟಿನ ಕಡತಗಳಿಗೆ ಆ ಫಾಂಟ್ ಹಾಕಿಕೊಳ್ಳಬೇಕು. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡುವ ವ್ಯವಸ್ಥೆ ಇದೆ. ಒಂದು ಭಾನುವಾರ ಕಾಲೇಜಿಗೆ ಹೋಗುವ ಹುಡುಗನೊಬ್ಬನನ್ನು ಕೂರಿಸಿಕೊಂಡು ಹಾಗೆ ನೋಡಿ, ಒಗ್ಗಿದರೆ ಮಾತ್ರ ಹಾಕಿಸಿ.

ಕೊಂಡರೆ ಲಾಭ ಯಾರಿಗೆ

ಕೊಳ್ಳಲೇಬಾರದು ಅನ್ನುವವನು ನಾನಲ್ಲ. ಡೇರಿ ಸಂಘದ ಕಂಪ್ಯೂಟರ್, ಮನೆಯಲ್ಲೇ ಅರ್ಜಿ ತುಂಬಿಕೊಡುವ, ಪ್ರಿಂಟ್ ಹಾಕಿಕೊಡುವ ಸಣ್ಣ ಉದ್ಯೋಗ ಇಟ್ಟುಕೊಂಡವರು, ದಿನಾ ನಾಲ್ಕು ಜನರ ಪೆನ್‌ಡ್ರೈವ್ ಚುಚ್ಚಬೇಕಾದವರು ಕೊಳ್ಳುವುದು ಸರಿ. ನೆಟ್ ಇಲ್ಲದ ಹೊತ್ತಿನಲ್ಲೂ ಚೆನ್ನಾಗಿ ಹಿಡಿಯುವಂಥದ್ದು ಅವರಿಗೆ ಬೇಕು. ಆದರೆ ಅವರ ವಿಂಡೋಸಿಗೆ ಬೇಲಿ ರಿಪೇರಿ ಇನ್ನೂ ಬರುತ್ತಿರಬೇಕು, ಇಲ್ಲದಿದ್ದರೆ ಆ ದುಡ್ಡನ್ನು ಹೊಸ ಯಂತ್ರದ ಗಂಟಿಗೆ ಸೇರಿಸುವುದು ವಾಸಿ.

ವೈರಸ್ ಈಗಾಗಲೇ ಹೊಕ್ಕಿದೆ ಎಂಬ ಅನುಮಾನವಿದ್ದವರೂ ಕೊಳ್ಳಲು ಓಡಬೇಕಿಲ್ಲ. ವಿಂಡೋಸ್ ಸೆಕ್ಯುರಿಟಿಯ 'ಸ್ಕ್ಯಾನ್ ಆಪ್ಷನ್ಸ್' ಒಳಗೆ 'ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್' ಇದೆ. ಅದು ವಿಂಡೋಸ್ ಏಳುವ ಮುಂಚೆಯೇ ಹುಡುಕುತ್ತದೆ, ಅಡಗಿದ್ದೂ ಸಿಗುತ್ತದೆ. ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲಿ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ವೈರಸ್ ತೆಗೆಯುವ ಸಾಧನಗಳು ಉಚಿತವಾಗಿ ಸಿಗುತ್ತವೆ.

ಕೊಳ್ಳುವುದೇ ಆದರೆ ಡಬ್ಬಿಯ ಮೇಲೆ ಎಷ್ಟು ಕಂಪ್ಯೂಟರಿಗೆ, ಎಷ್ಟು ವರ್ಷಕ್ಕೆ ಎಂದು ಓದಿ. ಮೂರು ಕಂಪ್ಯೂಟರಿನ ಲೈಸೆನ್ಸ್ ಅನೇಕ ಸಲ ಒಂದರ ಬೆಲೆಯ ಎರಡರಷ್ಟೂ ಇರುವುದಿಲ್ಲ, ಅಕ್ಕಪಕ್ಕದ ಮನೆಯ ಅಣ್ಣತಮ್ಮಂದಿರು ಕೂಡಿ ಕೊಳ್ಳುವ ಮುಂಚೆ ನಿಯಮ ಅದಕ್ಕೆ ಒಪ್ಪುತ್ತದೆಯೇ ಕೇಳಿ. ನಿಮ್ಮ ವಿಂಡೋಸಿಗೆ ಅದು ಇನ್ನೂ ಕೆಲಸ ಮಾಡುತ್ತದೆಯೇ ಎಂದೂ ಕೇಳಿ. ಮೊದಲ ವರ್ಷದ ರಿಯಾಯಿತಿ ಬೆಲೆ ನೋಡಿ ಒಪ್ಪಬೇಡಿ, ಎರಡನೇ ವರ್ಷ ಎಷ್ಟು ಎಂದು ಬರೆಸಿಕೊಳ್ಳಿ. ನೆಟ್‌ನಲ್ಲಿ ಕಾರ್ಡಿನಿಂದ ಕಟ್ಟುವಾಗ 'ಆಟೋ ರಿನ್ಯೂವಲ್' ಎಂಬುದಕ್ಕೆ ಗುರುತು ಬಿದ್ದಿದ್ದರೆ ತೆಗೆಯಿರಿ. ಇಲ್ಲದಿದ್ದರೆ ಮುಂದಿನ ವರ್ಷ ನಿಮ್ಮನ್ನು ಮತ್ತೊಮ್ಮೆ ಕೇಳದೆಯೇ ಖಾತೆಯಿಂದ ಹಣ ಹೋಗಿರುತ್ತದೆ.